ಒಂದು ಡಾಂಗಲ್, ಹಲವು ಕಂಪ್ಯೂಟರ್: ಲ್ಯಾನ್ ಮೂಲಕ ಯುಎಸ್‌ಬಿ ಸಾಧನಗಳ ಹಂಚಿಕೆ

ಒಂದು ಕಂಪ್ಯೂಟರಿಗೆ ಸಿಕ್ಕಿಸಿದ ಯುಎಸ್‌ಬಿ ಸಾಧನ ಬೇರೆ ಕೋಣೆಯಲ್ಲಿ ಕುಳಿತವರಿಗೂ ಸಿಗಬೇಕು ಎಂಬ ಬೇಡಿಕೆ, ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನ್ನಂಥವರಿಗೆ ಆಗಾಗ ಬರುತ್ತಲೇ ಇರುತ್ತದೆ. ಯುಎಸ್‌ಬಿ 2.0 ಕೇಬಲ್ 5 ಮೀಟರಿಗಿಂತ ಉದ್ದವಿರುವಂತಿಲ್ಲ. ಹಾಗಾಗಿ ಈಗಾಗಲೇ ಇರುವ ಲ್ಯಾನ್ (ಕಚೇರಿಯೊಳಗಿನ ಕಂಪ್ಯೂಟರ್ ಜಾಲ) ಬಳಸುವುದೇ ಸಹಜವಾದ ದಾರಿ. ಆದರೆ ಯಾವುದೇ ತಂತ್ರಾಂಶವನ್ನು ಹಾಕುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: ನಿಮಗೆ ಬೇಕಿರುವುದು ಆ ಸಾಧನವೋ, ಅದರಿಂದ ಆಗುವ ಕೆಲಸವೋ?

ಪ್ರಿಂಟರ್ ಕೇಳುವವರಿಗೆ ಬೇಕಿರುವುದು ಮುದ್ರಣ, ಹಾರ್ಡ್ ಡಿಸ್ಕ್ ಕೇಳುವವರಿಗೆ ಬೇಕಿರುವುದು ಕಡತಗಳು. ಇವೆರಡಕ್ಕೂ ಪ್ರಿಂಟ್ ಸರ್ವರ್ ಮತ್ತು ಹಂಚಿಕೆಯ ಫೋಲ್ಡರ್ ಎಂಬ ಹಳೆಯ ವ್ಯವಸ್ಥೆಗಳೇ ಸಾಕು. ಅವುಗಳಲ್ಲಿ ಅನೇಕರು ಒಟ್ಟಿಗೆ ಕೆಲಸ ಮಾಡಬಹುದು. ತಂತ್ರಾಂಶದ ಲೈಸೆನ್ಸ್ ಡಾಂಗಲ್ (ಸಿಕ್ಕಿಸಿದ್ದರೆ ಮಾತ್ರ ತಂತ್ರಾಂಶ ನಡೆಯುವ ಪುಟ್ಟ ಯುಎಸ್‌ಬಿ ಸಾಧನ), ಡಿಜಿಟಲ್ ಸಹಿಯ ಟೋಕನ್, ಯಂತ್ರಕ್ಕೆ ಜೋಡಿಸುವ ಸೀರಿಯಲ್ ಅಡಾಪ್ಟರ್ ಇವುಗಳ ವಿಷಯ ಬೇರೆ. ಸಾಧನವೇ ತನ್ನ ಕಂಪ್ಯೂಟರಿನಲ್ಲಿ ಕಾಣಿಸದ ಹೊರತು ಅಲ್ಲಿಯ ತಂತ್ರಾಂಶ ಮುಂದಕ್ಕೆ ಹೋಗುವುದಿಲ್ಲ. ಲೈಸೆನ್ಸಿನ ಷರತ್ತು ಇಂಥ ಹಂಚಿಕೆಗೆ ಒಪ್ಪುತ್ತದೆಯೇ ಎಂಬುದನ್ನೂ ಆಗಲೇ ಓದಿಕೊಳ್ಳಬೇಕು. ತಯಾರಕರೇ ನೆಟ್‌ವರ್ಕ್ ಲೈಸೆನ್ಸ್ ಕೊಡುವುದಿದ್ದರೆ ಈ ಶ್ರಮವೇ ಬೇಡ.

ಇಂಥ ಸಾಧನಗಳಿಗೆ ನಾವು ಬಳಸುವುದು ಯುಎಸ್‌ಬಿ-ಐಪಿ, ಅಂದರೆ ಯುಎಸ್‌ಬಿ ಸಾಧನವನ್ನು ನೆಟ್‌ವರ್ಕ್ ಮೂಲಕ ಒದಗಿಸುವ ತಂತ್ರಾಂಶ. ಇದು 2014ರಲ್ಲಿ, ಲಿನಕ್ಸ್ 3.17ರ ಹೊತ್ತಿಗೆ, ಪ್ರಾಯೋಗಿಕ ವಿಭಾಗದಿಂದ ಹೊರಬಂದು ಕರ್ನಲ್‌ನ (ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಿನ) ಮುಖ್ಯ ಭಾಗ ಸೇರಿತು. ಸಾಧನವಿರುವ ಸರ್ವರ್‌ನಲ್ಲಿ ಅದನ್ನು ಹಂಚಿಕೆಗೆ ‘ಬೈಂಡ್’ ಮಾಡಬೇಕು (ಬಿಟ್ಟುಕೊಡಬೇಕು), ಬಳಸುವವರ ಕಂಪ್ಯೂಟರಿನಲ್ಲಿ ‘ಅಟ್ಯಾಚ್’ ಮಾಡಬೇಕು (ಜೋಡಿಸಿಕೊಳ್ಳಬೇಕು). ಆಮೇಲೆ ಯುಎಸ್‌ಬಿ ತಂತಿಯಲ್ಲಿ ಹರಿಯಬೇಕಾದ ಕೋರಿಕೆ-ಉತ್ತರಗಳು ನೆಟ್‌ವರ್ಕಿನಲ್ಲಿ ಟಿಸಿಪಿ ಪೋರ್ಟ್ 3240 ಎಂಬ ಸಂಖ್ಯೆಯ ದ್ವಾರದ ಮೂಲಕ ಹರಿಯುತ್ತವೆ, ಆ ಕಂಪ್ಯೂಟರಿಗೆ ಸಾಧನ ತನ್ನದೇ ಯುಎಸ್‌ಬಿ ಪೋರ್ಟಿನಲ್ಲಿ ಇರುವಂತೆ ತೋರುತ್ತದೆ.

ಬಳಸುವವರಿಗೆ ಅತ್ಯಂತ ಕಷ್ಟಪಟ್ಟು ಮನದಟ್ಟು ಮಾಡಿಸಬೇಕಾದ ಸಂಗತಿಯೆಂದರೆ, ಸಾಧನ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ಸಿಗುತ್ತದೆ ಎಂಬುದು. ‘ಹಂಚಿಕೆ’ ಎಂದೊಡನೆ ಎಲ್ಲರೂ ಏಕಕಾಲಕ್ಕೆ ಬಳಸಬಹುದೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಇದು ಗ್ರಂಥಾಲಯದ ಒಂದೇ ಪ್ರತಿಯ ಹಾಗೆ, ಪಡೆದವರು ಮರಳಿಸಿದರೆ ಮಾತ್ರ ಮುಂದಿನವರಿಗೆ. ಡಾಂಗಲ್ ಹಿಡಿದವರು ‘ಡಿಟ್ಯಾಚ್’ ಮಾಡದೆ ಊಟಕ್ಕೆ ಎದ್ದುಹೋದರೆ, ಅವರ ಕಂಪ್ಯೂಟರ್ ಸ್ಲೀಪ್‌ಗೆ ಜಾರಿದ ಮೇಲೂ ಸಂಪರ್ಕ ಕೂಡಲೇ ಬಿಡುಗಡೆಯಾಗುವುದಿಲ್ಲ. ಆಗ ಸರ್ವರ್‌ನಲ್ಲಿ ‘ಅನ್‌ಬೈಂಡ್’ ಮಾಡಿ ಮತ್ತೆ ‘ಬೈಂಡ್’ ಮಾಡುವುದು ನನ್ನ ಪಾಲಿಗೆ ಬರುತ್ತದೆ. ತಂತ್ರಾಂಶ ತೆರೆದೊಡನೆ ಅಟ್ಯಾಚ್, ಮುಚ್ಚಿದೊಡನೆ ಡಿಟ್ಯಾಚ್ ಮಾಡುವ ಪುಟ್ಟ ಸ್ಕ್ರಿಪ್ಟನ್ನು ಡೆಸ್ಕ್‌ಟಾಪ್ ಐಕಾನಿಗೆ ಜೋಡಿಸಿದ ಮೇಲೆ ಈ ಕರೆಗಳು ಬಹುಪಾಲು ನಿಂತವು. ಬಾಗಿಲ ಮೇಲೆ ಅಂಟಿಸಿದ ಸೂಚನಾಪತ್ರದಿಂದ ಆಗದ ಕೆಲಸ ಅದು.

ಇನ್ನೊಂದು ತೊಡಕು ಬಸ್ ಐಡಿಯದು, ಅಂದರೆ ಬೈಂಡ್ ಮಾಡುವಾಗ ಸಾಧನವನ್ನು ಹೆಸರಿಸುವ ಸಂಖ್ಯೆಯದು. 1-1.4 ಎಂಬ ಸಂಖ್ಯೆ ಸೂಚಿಸುವುದು ಸಾಧನವನ್ನಲ್ಲ, ಅದು ಸಿಕ್ಕಿಸಿಕೊಂಡಿರುವ ಜಾಗವನ್ನು. ಧೂಳು ಒರೆಸುವಾಗ ಯಾರೋ ಡಾಂಗಲನ್ನು ಕಿತ್ತು ಪಕ್ಕದ ಪೋರ್ಟಿಗೆ ಹಾಕಿದರೆ ಸಂಖ್ಯೆ ಬದಲಾಗುತ್ತದೆ. ಅದೇ ಪೋರ್ಟಿಗೆ ಹಾಕಿದರೂ, ಸರ್ವರ್ ಮರುಚಾಲನೆಗೊಂಡರೂ, ಬೈಂಡ್ ಮತ್ತೆ ಮಾಡಬೇಕಾಗುತ್ತದೆ. ಆದ್ದರಿಂದ ತಯಾರಕರ ಸಂಖ್ಯೆ ಮತ್ತು ಉತ್ಪನ್ನದ ಸಂಖ್ಯೆಯನ್ನು ಗುರುತಿಸಿ ತಾನಾಗಿಯೇ ಬೈಂಡ್ ಮಾಡುವ ಯುಡೆವ್ (ಸಾಧನ ಸಿಕ್ಕಿಸಿದಾಗ ಏನಾಗಬೇಕೆಂದು ನಿರ್ಧರಿಸುವ ಲಿನಕ್ಸ್‌ನ ವ್ಯವಸ್ಥೆ) ನಿಯಮವೊಂದನ್ನು ಬರೆದಿಡುವುದು ಒಳ್ಳೆಯದು.

ವೆಬ್‌ಕ್ಯಾಮ್ ಮತ್ತು ಮೈಕ್‌ಗಳನ್ನು ನಾನು ಈ ದಾರಿಯಲ್ಲಿ ಕೊಡುವುದಿಲ್ಲ. ಅವುಗಳ ದತ್ತಾಂಶ ನಿಗದಿತ ಸಮಯಕ್ಕೆ ತಲುಪಲೇಬೇಕು, ನೆಟ್‌ವರ್ಕಿನ ಸಣ್ಣ ವಿಳಂಬವೂ ಚಿತ್ರವನ್ನು ಕಡಿದುಹಾಕುತ್ತದೆ. ಡಾಂಗಲಿಗೆ ವೇಗ ಹೆಚ್ಚು ಬೇಕಿಲ್ಲವಾದರೂ ವೈಫೈಗಿಂತ ತಂತಿಯ ಸಂಪರ್ಕವೇ ನಂಬಿಕೆಗೆ ಅರ್ಹ, ಏಕೆಂದರೆ ಸಂಪರ್ಕ ಒಮ್ಮೆ ಕಡಿದರೆ ಕಂಪ್ಯೂಟರಿಗೆ ಅದು ಡಾಂಗಲನ್ನೇ ಕಿತ್ತಂತೆ.

ಭದ್ರತೆಯ ವಿಷಯದಲ್ಲಿ ಯುಎಸ್‌ಬಿ-ಐಪಿಯನ್ನು ನೆಚ್ಚಿಕೊಳ್ಳುವಂತಿಲ್ಲ. ಸಾಮಾನ್ಯ ಬಳಕೆಯಲ್ಲಿ ಅದು ಗುಪ್ತಪದ ಕೇಳುವುದಿಲ್ಲ, ದತ್ತಾಂಶವನ್ನು ಗೂಢಲಿಪಿಗೂ ಇಳಿಸುವುದಿಲ್ಲ; ಪೋರ್ಟ್ 3240 ತಲುಪಬಲ್ಲ ಯಾವ ಕಂಪ್ಯೂಟರೂ ಖಾಲಿ ಇರುವ ಸಾಧನವನ್ನು ಎತ್ತಿಕೊಳ್ಳಬಹುದು. ನಮ್ಮಲ್ಲಿ ಫೈರ್‌ವಾಲ್ ಆ ಪೋರ್ಟನ್ನು ಅಗತ್ಯವಿರುವ ಕಂಪ್ಯೂಟರುಗಳ ವಿಳಾಸಗಳಿಗೆ ಮಾತ್ರ ತೆರೆದಿದೆ. ಸಹಿಯ ಟೋಕನನ್ನು ಮಾತ್ರ ನಾವು ಹೀಗೆ ಹಂಚುವುದಿಲ್ಲ. ತಾಂತ್ರಿಕವಾಗಿ ಸಾಧ್ಯವಿದ್ದರೂ, ಸಹಿ ಹಾಕುವ ಅಧಿಕಾರ ಯಾರದೋ ಅವರ ಮೇಜಿನಲ್ಲೇ ಅದು ಇರಲಿ ಎಂದು ನಾನೇ ಒತ್ತಾಯಿಸಿದ್ದೇನೆ.