ಇವತ್ತಿನ ರಾತ್ರಿ ಪಾಳಿ ನನ್ನದು

11 ಆಗಸ್ಟ್ 2024, ಭಾನುವಾರ
ರಾತ್ರಿ 11.40

ನಿದ್ದೆ ಬರಬಾರದು ಅಂತ ಬರೆಯುತ್ತಿದ್ದೇನೆ, ಬೇರೆ ಘನ ಉದ್ದೇಶ ಏನೂ ಇಲ್ಲ. ಐಸಿಯು ಮುಂದಿನ ಈ ಕಾರಿಡಾರ್‌ನಲ್ಲಿ ಇವತ್ತು ಎಚ್ಚರ ಇರುವ ಪಾಳಿ ನನ್ನದು. ಹಾಗಂತ ಇಲ್ಲಿ ಪಾಳಿ ಹಂಚುವವರು ಯಾರೂ ಇಲ್ಲ. ಎಂಟು ರಾತ್ರಿ ಅದನ್ನು ತಾವಾಗಿಯೇ ಹೊತ್ತವರು ಒಬ್ಬರು ಅಜ್ಜಿ. ಇವತ್ತು ಮಧ್ಯಾಹ್ನ ಹೋಗುವಾಗ ನನ್ನ ತಲೆಗೆ ಕಟ್ಟಿ ಹೋದರು.

ಈ ಕುರ್ಚಿಗಳಲ್ಲಿ ಕೂತು ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಐಸಿಯು ಬಾಗಿಲು ರಾತ್ರಿ ಯಾವ ಗಳಿಗೆಯಲ್ಲಾದರೂ ತೆರೆಯುತ್ತದೆ. ನರ್ಸ್ ಅರ್ಧ ಮುಖ ಹೊರಗೆ ಹಾಕಿ, "ನಾಲ್ಕನೇ ಬೆಡ್ ಪೇಷೆಂಟ್ ಕಡೆಯವರು ಯಾರು?" ಅನ್ನುತ್ತಾರೆ. ಔಷಧಿ ತರಬೇಕಿರಬಹುದು, ಸಹಿ ಬೇಕಿರಬಹುದು. ಅದಕ್ಕಿಂತ ದೊಡ್ಡದೂ ಇರಬಹುದು. ಎರಡು ಸಲ ಕರೆದು ಬಾಗಿಲು ಮುಚ್ಚಿಕೊಳ್ಳುತ್ತದೆ, ಅವರಿಗೂ ಒಳಗೆ ಕೈತುಂಬ ಕೆಲಸ. ಮೂರು ದಿನ ರೆಪ್ಪೆ ಮುಚ್ಚದೆ ನೆಲದ ಮೇಲೆ ಮುದುಡಿಕೊಂಡವರಿಗೆ ಆ ದನಿ ಕೇಳುವುದಿಲ್ಲ. ಕೇಳದೆ ಹೋದರೆ ಅಂತ ಹೆದರಿ ಯಾರೂ ಮಲಗುವುದಿಲ್ಲ. ಮಲಗದೆ ಮಲಗದೆ, ಬೆಳಗ್ಗೆ ಡಾಕ್ಟರ್ ಬಂದು ಹೇಳುವುದು ತಲೆಗೆ ಹೋಗುವುದಿಲ್ಲ.

ಅಜ್ಜಿ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಯಾವ ಬೆಡ್‌ಗೆ ಯಾರ ಕಡೆಯವರು, ಯಾರು ಎಲ್ಲಿ ಮಲಗಿದ್ದಾರೆ ಎಲ್ಲವೂ ಅವರಿಗೆ ಬಾಯಿಪಾಠ. ರಾತ್ರಿಯಿಡೀ ಅವರು ಕೂತಿರುತ್ತಿದ್ದರು, ಉಳಿದವರು ಮಲಗುತ್ತಿದ್ದರು. ಬಾಗಿಲು ಕಿರ್ ಅಂದರೆ ಸಾಕು, ನರ್ಸ್ ನಂಬರ್ ಹೇಳಿ ಮುಗಿಸುವಷ್ಟರಲ್ಲಿ ಅಜ್ಜಿಯ ಕೈ ಸರಿಯಾದ ಭುಜದ ಮೇಲೆ ಇರುತ್ತಿತ್ತು. ಹಗಲು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ತೀರಾ ಸಾಧು ಅಂದುಕೊಳ್ಳಬೇಡಿ. ಗೊರಕೆ ಹೊಡೆಯುವವರ ಮೇಲೆ ವಿಪರೀತ ಸಿಡುಕು, ಫೋನಿನಲ್ಲಿ ಜೋರಾಗಿ ಮಾತಾಡಿದವರಿಗೆ ಮುಲಾಜಿಲ್ಲದ ಬೈಗುಳ.

ಕೈಯಲ್ಲಿ ಸದಾ ಒಂದು ಜಪಮಣಿ. ಯಾವ ದೇವರದು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ತುಟಿ ಅಲ್ಲಾಡುತ್ತಿತ್ತು, ದನಿ ಹೊರಗೆ ಬರುತ್ತಿರಲಿಲ್ಲ. ಮೊದಲ ರಾತ್ರಿ ಕೆಟ್ಟ ಕುತೂಹಲಕ್ಕೆ ಬಿದ್ದು ಮಣಿ ಎಣಿಸಲು ಕೂತೆ. 108 ಬಂದರೆ ಹಿಂದೂ ಇರಬಹುದು, ಬೌದ್ಧರೋ ಜೈನರೋ ಕೂಡ ಆಗಬಹುದು. 99 ಅಥವಾ 33 ಆದರೆ ಮುಸ್ಲಿಮರ ತಸ್ಬೀಹ್. 59 ಆದರೆ ಕ್ಯಾಥೊಲಿಕರ ಜಪಮಾಲೆ. ಮನುಷ್ಯರನ್ನು ಖಾನೆಗೆ ಹಾಕದೆ ನಮಗೆ ಸಮಾಧಾನ ಇಲ್ಲವಲ್ಲ. ನಲವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು, ಯಾಕೆಂದರೆ ಅಲ್ಲಿದ್ದದ್ದು ಮಣಿಯೇ ಅಲ್ಲ. ನಾಲ್ಕು ತೂತಿನ ಬಿಳಿ ಅಂಗಿ ಗುಂಡಿ. ಹಿಂದೊಮ್ಮೆ ದಾರ ಹರಿದು ಒಂದು ಮಣಿ ಉರುಳಿ ಹೋಯಿತಂತೆ, ಆ ಜಾಗಕ್ಕೆ ಯಜಮಾನರ ಹಳೇ ಅಂಗಿಯ ಗುಂಡಿ ಪೋಣಿಸಿಕೊಂಡರಂತೆ. ಎಷ್ಟೋ ಸಾವಿರ ಸಲ ಬೆರಳು ಸವರಿ ಅದರ ಅಂಚು ಬೇಳೆಯ ಹಾಗೆ ನುಣುಪಾಗಿತ್ತು. ಗುಂಡಿ ಬಂದಾಗ ಅವರ ಬೆರಳು ನಿಲ್ಲುತ್ತಿತ್ತು. ಕಣ್ಣು ತೆರೆದು ಕಾರಿಡಾರ್‌ನಲ್ಲಿ ಯಾರಾದರೂ ಒಬ್ಬರನ್ನು ದಿಟ್ಟಿಸಿ, ಏನೋ ಹೇಳಿಕೊಂಡು, ಮುಂದಿನ ಮಣಿಗೆ ಹೋಗುತ್ತಿದ್ದರು.

"ಅದು ಎಣಿಕೆಗೆ ಸೇರಲ್ಲ ಮಗಾ," ಅಂದರು ಮೂರನೇ ದಿನ. "ಉಳಿದದ್ದೆಲ್ಲ ನಮ್ಮೋರಿಗೆ. ಗುಂಡಿ ಮಾತ್ರ ಬೇರೆಯವರಿಗೆ."

ಅವರ 'ನಮ್ಮೋರು' ಒಂಬತ್ತನೇ ಬೆಡ್‌ನಲ್ಲಿ ವೆಂಟಿಲೇಟರ್ ಮೇಲೆ ಇದ್ದರು.

ನನ್ನ ಭಕ್ತಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಪರೀಕ್ಷೆಯ ಹಿಂದಿನ ದಿನ ಬರುತ್ತದಲ್ಲ, ಆ ಜಾತಿಯದು. ಸೋಂಕು ರಕ್ತಕ್ಕೆ ಇಳಿದಿದೆ ಅಂತ ಅಪ್ಪನನ್ನು ಒಳಗೆ ಕರೆದೊಯ್ದ ಕೂಡಲೇ ದೇವರ ಜೊತೆ ಚೌಕಾಸಿಗೆ ಇಳಿದೆ. ಇದನ್ನು ಬಿಡುತ್ತೇನೆ, ಅದನ್ನು ಮಾಡುತ್ತೇನೆ, ಅವರನ್ನು ಉಳಿಸಿಕೊಡು. ಎಂಟನೇ ಶತಮಾನದಲ್ಲಿ ಬಸ್ರಾದಲ್ಲಿದ್ದ ಸೂಫಿ ಸಂತ ಮಹಿಳೆ ರಾಬಿಯಾ ಬಗ್ಗೆ ಒಂದು ಕತೆ ಹೇಳುತ್ತಾರೆ. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ನೀರು ಹಿಡಿದು ಬೀದಿಯಲ್ಲಿ ಹೊರಟಿದ್ದಳಂತೆ. ಸ್ವರ್ಗಕ್ಕೆ ಬೆಂಕಿ ಇಡಬೇಕು, ನರಕದ ಬೆಂಕಿ ಆರಿಸಬೇಕು, ಆಮೇಲಾದರೂ ಜನ ಆಸೆ ಹೆದರಿಕೆ ಎರಡೂ ಇಲ್ಲದೆ ದೇವರನ್ನು ನೆನೆಯಲಿ ಅಂತ. ಓದಿದಾಗ ಆಹಾ ಅಂತ ತಲೆದೂಗಿದ್ದೆ. ಇಲ್ಲಿ ಕೂತ ಮೇಲೆ ಆ ಪಂಜನ್ನೂ ಎತ್ತಲಾಗಲಿಲ್ಲ, ನೀರನ್ನೂ ಎತ್ತಲಾಗಲಿಲ್ಲ. ಅಪ್ಪ ಬೇಕು, ಅಷ್ಟೇ.

ಎರಡನೇ ದಿನ ಸಂಬಂಧಿಕರೊಬ್ಬರ ಫೋನ್ ಬಂತು. ದೊಡ್ಡ ದೈವಭಕ್ತರು. ಅಪ್ಪ ಹೇಗಿದ್ದಾರೆ ಅಂತ ಕೇಳಿ, ಉತ್ತರ ಮುಗಿಯುವ ಮೊದಲೇ, "ಎಲ್ಲೋ ಏನೋ ತಪ್ಪು ಆಗಿರುತ್ತೆ, ಇಲ್ಲದಿದ್ದರೆ ಹೀಗಾಗಲ್ಲ, ಯೋಚನೆ ಮಾಡಿ ನೋಡು" ಅಂದರು. ನಾನು ಯೋಚನೆ ಮಾಡಿ ನೋಡಿದೆ ಕೂಡ. ನಾಚಿಕೆಯ ಸಂಗತಿ, ಆದರೆ ನಿಜ. ಅರ್ಧ ಗಂಟೆ ಕೂತು ಅಪ್ಪನ ತಪ್ಪುಗಳನ್ನು ಹುಡುಕಿದೆ.

ಬೈಬಲಿನ ಯೋಬನ ಕತೆಯಲ್ಲೂ ಇಂಥವರು ಮೂವರಿದ್ದಾರೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನನ್ನು ನೋಡಲು ಬಂದ ಗೆಳೆಯರು. ಬಂದವರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಅವನ ಸಂಕಟ ನೋಡಿ ಯಾರೂ ತುಟಿ ಬಿಚ್ಚಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಆಮೇಲೆ ಬಾಯಿ ತೆರೆದರು, ನೀನು ಏನೋ ಪಾಪ ಮಾಡಿದ್ದೀಯ ಅಂದರು, ಅಧ್ಯಾಯಗಟ್ಟಲೆ ವಾದಿಸಿದರು. ಯೋಬ ಒಪ್ಪಲಿಲ್ಲ. ದೇವರ ಮೇಲೇ ತಿರುಗಿಬಿದ್ದು ನ್ಯಾಯ ಕೇಳಿದ. ಕೊನೆಗೆ ದೇವರು ಸಿಟ್ಟಾಗಿದ್ದು ಯಾರ ಮೇಲೆ ಅಂದರೆ, ದೇವರ ಪರ ವಕಾಲತ್ತು ವಹಿಸಿದ ಆ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ್ದು ಯೋಬನೇ ಅಂದ. ಗಟ್ಟಿ ನಂಬಿಕೆ ಅಂದರೆ ತುಟಿಪಿಟಕ್ ಅನ್ನದೆ ಸಹಿಸುವುದು ಅಂತ ಯಾರು ನಮ್ಮ ತಲೆಗೆ ತುಂಬಿದರೋ! ಜಗಳ ಆಡುವುದಕ್ಕಾದರೂ ಎದುರಿಗೆ ಒಬ್ಬರು ಇದ್ದಾರೆ ಅಂತ ನಂಬಬೇಕಲ್ಲ.

(12.50. ಏಳನೇ ಬೆಡ್‌ನವರನ್ನು ಕರೆದರು. ಎಬ್ಬಿಸಿದೆ. ಔಷಧಿ ಚೀಟಿ, ಅಷ್ಟೇ.)

ನಾಲ್ಕನೇ ದಿನ ಅಪ್ಪನ ಪ್ಲೇಟ್‌ಲೆಟ್ 11 ಸಾವಿರಕ್ಕೆ ಇಳಿಯಿತು. ಕಡಿಮೆ ಅಂದರೂ ಒಂದೂವರೆ ಲಕ್ಷ ಇರಬೇಕಾದದ್ದು. ಪ್ಲೇಟ್‌ಲೆಟ್ ಬಗ್ಗೆ ಅವತ್ತು ಗೊತ್ತಾದದ್ದು ಏನೆಂದರೆ, ಅದನ್ನು ರಕ್ತದ ಹಾಗೆ ತಂಪಿನಲ್ಲಿ ವಾರಗಟ್ಟಲೆ ಇಡಲಾಗದು. 20ರಿಂದ 24 ಡಿಗ್ರಿಯಲ್ಲಿ, ಯಂತ್ರದ ಮೇಲೆ ತೊಟ್ಟಿಲಿನ ಹಾಗೆ ಸದಾ ಅಲ್ಲಾಡಿಸುತ್ತಾ ಇಟ್ಟರೂ ಬಾಳಿಕೆ ಸಾಮಾನ್ಯವಾಗಿ ಐದೇ ದಿನ. ಹಾಗಾಗಿ ದಾಸ್ತಾನು ಅಂತ ಹೆಚ್ಚೇನೂ ಇರುವುದಿಲ್ಲ, ಯಾರಾದರೂ ಆಗಿಂದಾಗ ಬಂದು ಕೊಡಬೇಕು. ಕೊಡುವವರು ಒಂದು ಒಂದೂವರೆ ಗಂಟೆ ಯಂತ್ರದ ಪಕ್ಕ ಕೈ ಚಾಚಿ ಮಲಗಬೇಕು. ಅವರ ರಕ್ತ ಹೊರಗೆ ಬಂದು, ಪ್ಲೇಟ್‌ಲೆಟ್ ಮಾತ್ರ ಬೇರೆಯಾಗಿ, ಮಿಕ್ಕದ್ದು ಮೈಗೆ ವಾಪಸ್ ಹೋಗುತ್ತದೆ.

ರಾತ್ರಿ ಹತ್ತಕ್ಕೆ ಒಬ್ಬ ಹುಡುಗ ಬಂದ. ಯಾರ ಯಾರ ಫೋನಿಗೋ ಹೋಗಿ ಸುತ್ತಿ ಬಂದ ಸಂದೇಶ ಅವನನ್ನು ಮುಟ್ಟಿತ್ತು. ಬೆಳಗ್ಗೆ ಐದಕ್ಕೆ ಕೆಲಸಕ್ಕೆ ಹೋಗಬೇಕಂತೆ. ಎಲ್ಲ ಮುಗಿದ ಮೇಲೆ ನನಗೆ ಏನು ಹೇಳಬೇಕೋ ತೋಚದೆ, "ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ" ಅಂದೆ. ತೋಳಿನ ಹತ್ತಿ ಒತ್ತಿಕೊಂಡು ನಕ್ಕ. "ನನಗೆ ದೇವರು ಗೀವರು ಇಲ್ಲ ಮೇಡಂ. ಪ್ಲೇಟ್‌ಲೆಟ್ ಇದೆ."

ಲಿಫ್ಟ್ ಹತ್ತಿ ಹೋದ. ತಿರುಗಿ ನೋಡಿದರೆ ಅಜ್ಜಿ ಮುಚ್ಚಿಕೊಂಡ ಲಿಫ್ಟ್ ಬಾಗಿಲನ್ನೇ ನೋಡುತ್ತಿದ್ದರು. ಬೆರಳು ಗುಂಡಿಯ ಮೇಲಿತ್ತು.

ಹಾಗಾದರೆ ಕರುಣೆಗೂ ದೇವರಿಗೂ ಏನು ಸಂಬಂಧ ಅಂತ ಆ ರಾತ್ರಿ ತಲೆಯಲ್ಲಿ ಹುಳ. ಹಿಂದೆಂದೋ ಓದಿದ್ದ ಒಂದು ಪ್ರಯೋಗ ನೆನಪಿಗೆ ಬಂತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ್ದು, 1973ರಲ್ಲಿ ಪ್ರಕಟವಾಯಿತು. ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಿ ಅಂತ ಕಳಿಸಿದರು. ಕೆಲವರ ಭಾಷಣದ ವಿಷಯ ಒಳ್ಳೆಯ ಸಮಾರ್ಯದವನು, ಅಂದರೆ ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದವನ ಕತೆ. ನಡುವೆ ಓಣಿಯಲ್ಲಿ ಒಬ್ಬ ಕೆಮ್ಮುತ್ತಾ ನರಳುತ್ತಾ ಕುಸಿದು ಕೂತಿದ್ದ, ಅವನನ್ನು ಕೂರಿಸಿದ್ದು ಇವರೇ. ಆತುರವಿಲ್ಲದವರಲ್ಲಿ ಶೇ. 63 ಜನ ನಿಂತು ವಿಚಾರಿಸಿದರು. "ಆಗಲೇ ತಡವಾಗಿದೆ, ಬೇಗ ಹೋಗಿ" ಅನ್ನಿಸಿಕೊಂಡವರಲ್ಲಿ ಶೇ. 10 ಮಾತ್ರ. ಆ ಕತೆಯ ಮೇಲೇ ಭಾಷಣ ಮಾಡಲು ಹೊರಟವರಲ್ಲೂ ಕೆಲವರು ಆ ಮನುಷ್ಯನನ್ನು ದಾಟಿಕೊಂಡೇ ಹೋದರಂತೆ.

ಇದನ್ನು ಓದಿ ನಕ್ಕಿದ್ದೆ. ಈಗ ನಗು ಬರುವುದಿಲ್ಲ. ಮೊದಲ ದಿನ ನಾನು ಔಷಧಿಗೆ ಓಡುವಾಗ ಮೆಟ್ಟಿಲ ಮೇಲೆ ಒಬ್ಬಾಕೆ ಚೀಟಿ ಚಾಚಿ, "ಇದರಲ್ಲಿ ಏನ್ ಬರ್ದಿದೆ ನೋಡವ್ವಾ" ಅಂದಿದ್ದಳು. ನಾನು ನಿಲ್ಲಲಿಲ್ಲ. ಹತ್ತು ಸೆಕೆಂಡಿನ ಕೆಲಸ. ಬರುವಾಗ ನೋಡಿದರೆ ಅಲ್ಲಿರಲಿಲ್ಲ. ಅವಳ ಮುಖ ಮರೆತಿದೆ, ಆ ಚೀಟಿ ಹಿಡಿದಿದ್ದ ಕೈ ನೆನಪಿದೆ. ಅಜ್ಜಿಗೂ ನನ್ನಷ್ಟೇ ಸಂಕಟ ಇತ್ತು, ನನಗಿಂತ ಹೆಚ್ಚೇ ಇತ್ತು. ಆದರೆ ಅವರಿಗೆ ಆತುರ ಇರಲಿಲ್ಲ. ಬೇಡುವುದನ್ನು ಬೇಡಿ, ಉಳಿದದ್ದು ಅವನ ಕೆಲಸ ಅಂತ ಬಿಟ್ಟುಬಿಟ್ಟಿದ್ದರು. ಅದಕ್ಕೇ ಅವರ ಎರಡೂ ಕೈ ಖಾಲಿ ಇದ್ದವು ಅನ್ನಿಸುತ್ತದೆ. ಹುಡುಗನ ಕೈ ಹೇಗೆ ಖಾಲಿ ಇತ್ತೋ, ಅದು ನನಗೆ ಬಿಡಿಸಲಾಗದ ಲೆಕ್ಕ.

ಒಂದು ರಾತ್ರಿ ಕೇಳಿಯೇಬಿಟ್ಟೆ. "ಅಜ್ಜಿ, ಇಷ್ಟು ಹೊತ್ತು ಹೇಳ್ತೀರಲ್ಲ, ಆ ಕಡೆಯಿಂದ ಏನಾದರೂ ಕೇಳಿಸುತ್ತಾ?"

"ಯಾರಿಗೆ ಕೇಳಿಸುತ್ತೆ?" ಅಂತ ನನ್ನನ್ನೇ ಕೇಳಿದರು.

ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಹೊರಬಂದಾಗ ಜಗತ್ತು ಬೆಚ್ಚಿತು. ಅವನ್ನು ಸುಟ್ಟುಬಿಡಿ ಅಂತ ಅವರು ಬಯಸಿದ್ದರು. ಕೋಲ್ಕತ್ತದಲ್ಲಿ ಸೇವೆ ಶುರು ಮಾಡಿದ ಹೊತ್ತಿನಿಂದ ಕೊನೆಯವರೆಗೆ, ಹತ್ತಿರ ಹತ್ತಿರ ಐವತ್ತು ವರ್ಷ, ಪ್ರಾರ್ಥನೆಗೆ ಕೂತರೆ ಅವರಿಗೆ ಸಿಕ್ಕಿದ್ದು ಕತ್ತಲೆ. 1958ರಲ್ಲಿ ಕೆಲವು ವಾರ ಬಿಟ್ಟರೆ ಆ ಕಡೆಯಿಂದ ಮೌನ. ಅದನ್ನು ತಮ್ಮ ಧರ್ಮಗುರುಗಳಲ್ಲಿ ಕೆಲವರಿಗೆ ಮಾತ್ರ ಬರೆದು, ಮತ್ತೆ ಎದ್ದು ಸಾಯುವವರ ಮೈ ಒರೆಸಲು ಹೋಗುತ್ತಿದ್ದರು. ಅವರ ಬಗ್ಗೆ ಟೀಕೆಗಳೂ ಸಾಕಷ್ಟಿವೆ, ಅದು ಬೇರೆ ಮಾತು. ಉತ್ತರ ಬರದ ವಿಳಾಸಕ್ಕೆ ಐವತ್ತು ವರ್ಷ ಕಾಗದ ಹಾಕುವುದು ನನ್ನಿಂದ ಐವತ್ತು ದಿನ ಆಗುವ ಕೆಲಸವಲ್ಲ.

ಇವತ್ತು ಬೆಳಗ್ಗೆ ಹನ್ನೊಂದಕ್ಕೆ ಬಾಗಿಲು ತೆರೆಯಿತು. "ಒಂಬತ್ತನೇ ಬೆಡ್." ಈ ಸಲ ಕರೆದವರು ಡಾಕ್ಟರ್.

ಕಾಗದಪತ್ರ ಆಗುವ ತನಕ ಅಜ್ಜಿ ಅದೇ ಕುರ್ಚಿಗೆ ಬಂದು ಕೂತರು. ನಾನು ಪಕ್ಕ ಕೂತೆ. ಆ ಫೋನ್ ನೆನಪಿತ್ತು, ಬಾಯಿ ತೆರೆಯಲಿಲ್ಲ. ತುಂಬ ಹೊತ್ತಾದ ಮೇಲೆ ಅವರ ಬೆರಳು ಮಣಿ ಹುಡುಕಿಕೊಂಡು ಮತ್ತೆ ಹೊರಟಿತು. ನಾನು ನೋಡುತ್ತಿದ್ದದ್ದು ಗೊತ್ತಾಗಿರಬೇಕು.

"ಕೇಳಿದ್ದು ಕೊಡಲಿಲ್ಲ ಅಂತ ಮಾತು ಬಿಡೋಕಾಗುತ್ತಾ ಮಗಾ? ಇವರ ಹತ್ರ ಎಷ್ಟು ಜಗಳ ಆಡಿಲ್ಲ ನಾನು. ಮಾತು ಬಿಟ್ಟಿದ್ದುಂಟಾ?" ಸ್ವಲ್ಪ ಸುಮ್ಮನಿದ್ದು, "ಬಿಟ್ಟಿದ್ದೆ. ಒಂದೇ ಸಲ. ಎರಡು ದಿನ," ಅಂದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ಹೋಗುವಾಗ ಲಿಫ್ಟ್ ಹತ್ತಿರ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ಎರಡನೇ ಬೆಡ್‌ನ ಹುಡುಗ ಕಲ್ಲಿನ ಹಾಗೆ ಮಲಗ್ತಾನೆ, ಭುಜ ಹಿಡಿದು ಅಲ್ಲಾಡಿಸಬೇಕು. ಆರನೇ ಬೆಡ್‌ನೋರಿಗೆ ಎಡಗಿವಿ ಕೇಳಲ್ಲ. ಗೋಡೆ ಪಕ್ಕದ ಪ್ಲಗ್ ಒಂದೇ ಚಾರ್ಜ್ ಆಗೋದು. ರಾತ್ರಿ ನೀನು ಎಚ್ಚರ ಇರು."

ಸಮಾಧಾನ ಹೇಳಬೇಕಾಗಿದ್ದವಳು ನಾನು. ತಲೆ ಆಡಿಸಿದೆ.

12 ಆಗಸ್ಟ್, ಸೋಮವಾರ
ಬೆಳಗಿನ ಜಾವ 4.10

3.20ಕ್ಕೆ ಬಾಗಿಲು ಕಿರ್ ಅಂತು. ಎರಡನೇ ಬೆಡ್. ಹುಡುಗ ನಿಜವಾಗಿಯೂ ಕಲ್ಲು. ಎರಡೂ ಭುಜ ಹಿಡಿದು ಅಲ್ಲಾಡಿಸಿ, "ಏಳಪ್ಪಾ, ನಿನ್ನನ್ನೇ ಕರೀತಿದ್ದಾರೆ" ಅಂದೆ. ಒಂದು ಚಪ್ಪಲಿ ಇಲ್ಲೇ ಬಿಟ್ಟು ಓಡಿದ. ಸಹಿ ಬೇಕಿತ್ತಂತೆ. ಬಂದು ಮತ್ತೆ ಬಿದ್ದುಕೊಂಡ.

ಅಪ್ಪನ ಬೆಡ್ ನಂಬರ್ ಈ ರಾತ್ರಿ ಯಾರೂ ಕರೆದಿಲ್ಲ. ಒಂಬತ್ತಕ್ಕೆ ಆಗಲೇ ಯಾರೋ ಬಂದಿದ್ದಾರೆ. ಅವರ ಕಡೆಯವರು ಒಬ್ಬ ಹೆಂಗಸು, ಬ್ಯಾಗನ್ನು ಎದೆಗವಚಿಕೊಂಡು ಐಸಿಯು ಬಾಗಿಲಿಗೇ ಅಂಟಿಕೊಂಡು ನಿಂತಿದ್ದಳು. ಅಜ್ಜಿಯ ಕುರ್ಚಿ ಖಾಲಿ ಇತ್ತು, ಕರೆದು ಕೂರಿಸಿದೆ. ಪ್ಲಗ್ ತೋರಿಸಿದೆ.

"ಸ್ವಲ್ಪ ಕಣ್ಣು ಮುಚ್ಚಿ ಅಕ್ಕಾ," ಅಂದೆ. "ಕರೆದರೆ ನಾನು ಎಬ್ಬಿಸ್ತೀನಿ."