ಹದಿನೆಂಟು ಅಡಿ ಯಾಕೆ?

ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಮೂರು ಮೆಟ್ಟಿಲು. ಒಂದೊಂದೂ ಆರು ಇಂಚು. ಆರಾಮಾಗಿ ಓಡಾಡುವವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ನನ್ನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿದೆ. ತೊಡೆಗೆ ಕೈ ಒತ್ತಿಕೊಂಡು, ಗ್ರಿಲ್ ಹಿಡಿದು ಹತ್ತುತ್ತೇನೆ. ಪಕ್ಕದ ಬೀದಿಯ ಹುಡುಗನೊಬ್ಬ ವೀಲ್‌ಚೇರಿನಲ್ಲಿ ಬರುತ್ತಾನೆ. ಡಿಗ್ರಿ ಮುಗಿಸಿ ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಅವನು ಹೊಂಗೆ ಮರದ ಕೆಳಗೇ ಇದ್ದು ಬೇಕಾದ ಪುಸ್ತಕದ ಹೆಸರು ಕೂಗುತ್ತಿದ್ದ. ಒಳಗಿಂದ ಯಾರಾದರೂ ತಂದುಕೊಡುತ್ತಿದ್ದರು. ಮಳೆ ಬಂದರೆ ಓದು ಬಂದ್.

ನಾನು ಈ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ಊರಲ್ಲಿ ವಿಆರ್‌ಡಬ್ಲ್ಯೂ ಮೇಡಂ ಅಂತಾರೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸುವುದು, ನಿಂತುಹೋದ ಪಿಂಚಣಿಯ ಬೆನ್ನು ಹತ್ತುವುದು, ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಪಟ್ಟಿ ಇಟ್ಟುಕೊಳ್ಳುವುದು ನನ್ನ ಕೆಲಸ. ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು. ನಮ್ಮಲ್ಲಿ ಅದು ಹೆಚ್ಚಾಗಿ ಒಬ್ಬೊಬ್ಬರಿಗೆ ಇಷ್ಟಿಷ್ಟು ಅಂತ ಹಂಚಿಹೋಗುತ್ತದೆ. ತಪ್ಪು ಅನ್ನೋದಿಲ್ಲ, ಔಷಧಿ ಖರ್ಚಿಗಾದರೂ ಆಗುತ್ತದೆ. ಆದರೆ ಆ ಸಲ ಗ್ರಾಮಸಭೆಯಲ್ಲಿ ಪಟ್ಟು ಹಿಡಿದು, ಸ್ವಲ್ಪ ದುಡ್ಡನ್ನು ಗ್ರಂಥಾಲಯದ ರ‍್ಯಾಂಪಿಗೆ ಅಂತ ಬರೆಸಿದೆ.

ಕೆಲಸ ಶುರುವಾಗುವ ದಿನ ಬೆಳಿಗ್ಗೆ ಹೋದಾಗ ಮೇಸ್ತ್ರಿ ಆಗಲೇ ಸುಣ್ಣದಲ್ಲಿ ಗೆರೆ ಹಾಕಿದ್ದ. ಮೆಟ್ಟಿಲ ಪಕ್ಕದಿಂದ ನೇರವಾಗಿ ಮುಂದಕ್ಕೆ, ಆರು ಅಡಿ.

"ಇಷ್ಟೇನಾ?" ಅಂದೆ.

"ಸಾಕಲ್ವಾ ಮೇಡಂ? ಸೊಸೈಟಿ ಮುಂದೆನೂ ಇಷ್ಟೇ ಹಾಕಿದ್ದೀನಿ. ಬೈಕು ಸಲೀಸಾಗಿ ಹತ್ತುತ್ತೆ."

ಬೈಕು ಹತ್ತುತ್ತೆ, ಇಂಜಿನ್ ಇದೆಯಲ್ಲ. ರ‍್ಯಾಂಪಿನ ಲೆಕ್ಕ ತುಂಬಾ ಸುಲಭ. ಒಂದಕ್ಕೆ ಹನ್ನೆರಡು. ಒಂದು ಇಂಚು ಏರಬೇಕಾದರೆ ಒಂದು ಅಡಿ ಉದ್ದ ಇರಬೇಕು. ಮೂರು ಮೆಟ್ಟಿಲು ಸೇರಿ ಹದಿನೆಂಟು ಇಂಚು. ಅಂದರೆ ಹದಿನೆಂಟು ಅಡಿ. ಇದು ನಾನು ಕಟ್ಟಿದ ಲೆಕ್ಕವಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದೇ ಇದೆ.

ಹದಿನೆಂಟು ಅಡಿ ಅಂದ ಕೂಡಲೇ ಮೇಸ್ತ್ರಿ ನಕ್ಕ. ಮುಂದೆ ಗೇಟಿಗೆ ಇರೋದೇ ಹನ್ನೊಂದು ಅಡಿ. ಅದರ ನಡುವೆ ಧ್ವಜದ ಕಟ್ಟೆ ಬೇರೆ. ಅದನ್ನು ಮುಟ್ಟಿದರೆ ಊರೆಲ್ಲ ಎದ್ದು ಬರುತ್ತದೆ. ಗೋಡೆಗುಂಟ ಹಾಕೋಣ, ಅಲ್ಲಿ ಜಾಗ ಇದೆಯಲ್ಲ ಅಂದೆ. ಅಷ್ಟರಲ್ಲಿ ಪಿಡಿಒ ಬಂದರು. ಗೋಡೆಗುಂಟ ಎಲ್ಲರೂ ಬೈಕ್ ನಿಲ್ಲಿಸ್ತಾರೆ, ಜಗಲಿ ಪಕ್ಕದ ಮೋಟುಗೋಡೆ ಬೇರೆ ಒಡೆಯಬೇಕಾಗುತ್ತೆ ಅಂದರು. ಜೊತೆಗಿದ್ದ ಸದಸ್ಯರೊಬ್ಬರು ನನಗೆ ಸಮಾಧಾನ ಹೇಳಿದರು: "ಅಷ್ಟೆಲ್ಲಾ ಯಾಕಮ್ಮಾ? ಒಬ್ಬ ಹುಡುಗ ತಾನೇ ಬರೋದು. ನಮ್ ಹುಡುಗ್ರು ನಾಲ್ಕು ಜನ ಎತ್ತಿ ಒಳಗೆ ಬಿಡ್ತಾರೆ."

ಒಳ್ಳೆ ಮನಸ್ಸಿಂದಲೇ ಹೇಳಿದ್ದು. ನನಗೆ ಎಲ್ಲಕ್ಕಿಂತ ಕಷ್ಟವಾಗುವುದು ಈ ಮಾತಿಗೆ ಉತ್ತರ ಕೊಡೋದು. ಹೈಸ್ಕೂಲಿನಲ್ಲಿ ನಮ್ಮ ತರಗತಿ ಮಹಡಿ ಮೇಲಿತ್ತು. ಗೆಳತಿಯರು ನನ್ನನ್ನು ಕಂಕುಳಿಗೆ ಕೈ ಕೊಟ್ಟು ಹತ್ತಿಸುತ್ತಿದ್ದರು. ಪಾಪ, ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ. ಆದರೆ ಅವರು ಇಳಿಯುವ ಹೊತ್ತಿಗೇ ನಾನೂ ಇಳಿಯಬೇಕು. ಮಧ್ಯಾಹ್ನದವರೆಗೂ ಕೆಳಗೆ ಹೋಗುವ ಹಾಗಿಲ್ಲ ಅಂತ ಬೆಳಿಗ್ಗೆ ನೀರೇ ಕುಡಿಯುತ್ತಿರಲಿಲ್ಲ. ಅವರಿಗೆ ಜ್ವರ ಬಂದರೆ ನನಗೂ ರಜೆ. ಎತ್ತಿ ಒಳಗೆ ಬಿಟ್ಟವರು ಮತ್ತೆ ಬರುವ ತನಕ ಕೂತಿರಬೇಕಲ್ಲ, ಅದನ್ನು ಯಾರೂ ಯೋಚನೆ ಮಾಡುವುದಿಲ್ಲ.

ಪಿಡಿಒ ಮುಂದೆ ಇದನ್ನೆಲ್ಲ ಹೇಳಲಿಲ್ಲ. ಕಾಯ್ದೆ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ನಿಯಮ ಬಂದ ಐದು ವರ್ಷದೊಳಗೆ ಹಳೇ ಸಾರ್ವಜನಿಕ ಕಟ್ಟಡಗಳನ್ನೂ ಸರಿ ಮಾಡಬೇಕಿತ್ತು. ನಿಯಮ ಬಂದದ್ದು 2017ರಲ್ಲಿ. ಗಡುವು 2022ಕ್ಕೇ ಮುಗಿದಿದೆ. "ಅಳತೆಗಿಳತೆ ಎಲ್ಲ ಸಲಹೆ ಅಷ್ಟೇ ತಾನೇ?" ಅಂದರು ಅವರು. ಹುಷಾರಾದ ಪ್ರಶ್ನೆಯೇ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಕೊಂಡು, ಸುಮ್ನೆ ಸಲಹೆ ಅಂತ ಬಿಟ್ಟರೆ ಆಗದು, ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಹೇಳಿದೆ ಅಂದೆ. ಅವರು ಫೋನ್ ನೋಡಿಕೊಂಡರು. ಕಾಯ್ದೆ ಮಾತಾಡಿದರೆ ಎದುರಿನವರು ಫೋನ್ ನೋಡಿಕೊಳ್ಳುವುದು ನನಗೆ ಹೊಸದಲ್ಲ.

ಜಗಳ ಮುಗಿಸಿದ್ದು ಕಾಯ್ದೆಯಲ್ಲ. ಜಲ್ಲಿ ತುಂಬಿದ ತಳ್ಳುಗಾಡಿ ಹಿಡಿದು ಕಾಯುತ್ತಾ ನಿಂತಿದ್ದ ಕೂಲಿ ಹೆಂಗಸು. ಅವರಿಗೆ ಬಿಸಿಲೇರುವ ಚಿಂತೆ. "ಏ ಮೇಸ್ತ್ರಿ, ಅವತ್ತು ಗೋಡೌನಿನ ಹತ್ರ ಹಿಂಗೇ ಮೋಟಾಗಿ ಹಲಗೆ ಹಾಕಿದ್ಯಲ್ಲ. ಗಾಡಿ ಅರ್ಧಕ್ಕೆ ಹೋಗಿ ವಾಪಸ್ ನನ್ ಮೇಲೇ ಬಂತು. ಆಮೇಲೆ ನೀನೇ ಉದ್ದದ ಹಲಗೆ ತರಿಸ್ಲಿಲ್ವಾ?"

ಮೇಸ್ತ್ರಿ ತಲೆ ಕೆರೆದುಕೊಂಡ. ಚಪ್ಪಲಿಯಲ್ಲೇ ಸುಣ್ಣದ ಗೆರೆ ಉಜ್ಜಿದ. ಗೋಡೆಗುಂಟ ಟೇಪ್ ಬಿಟ್ಟ.

ಅಲ್ಲಿಂದಾಚೆ ಅವನು ನನಗಿಂತ ಕಟ್ಟುನಿಟ್ಟಾದ. ಟ್ಯೂಬಿಗೆ ನೀರು ತುಂಬಿಸಿ ಮಟ್ಟ ನೋಡಿದ. ದಾರ ಕಟ್ಟಿದ. ಅಗಲ ನಾಲ್ಕು ಅಡಿ. ಜಗಲಿ ಮಟ್ಟ ಮುಟ್ಟಿದ ಮೇಲೆ ಚೇರು ತಿರುಗಿಸಿಕೊಳ್ಳಲು ಐದಡಿ ಸಮತಟ್ಟು ಜಾಗ. ಮೋಟುಗೋಡೆ ಎರಡೇ ಗಂಟೆಯಲ್ಲಿ ಬಿತ್ತು. ಒಂದು ವಿಷಯಕ್ಕೆ ಮಾತ್ರ ಮತ್ತೆ ಮಾತಿಗೆ ಮಾತು ಬೆಳೆಯಿತು. ಅವನಿಗೆ ಮೇಲೆ ಹೊಳೆಯುವ ಟೈಲ್ಸ್ ಹಾಕುವ ಆಸೆ, ನೋಡೋಕೆ ಚೆನ್ನಾಗಿರುತ್ತೆ ಅಂತ. ಮಳೆಗಾಲದಲ್ಲಿ ನನ್ನ ಸೊಂಟ ಮುರಿಯಲು ಅಷ್ಟು ಸಾಕು. ಕೊನೆಗೆ ಹಸಿ ಕಾಂಕ್ರೀಟಿನ ಮೇಲೆ ಅಡ್ಡಡ್ಡಲಾಗಿ ಪೊರಕೆ ಎಳೆಸಿದೆ. ಸಣ್ಣ ಸಣ್ಣ ಗೆರೆ ಬಿದ್ದು ಹಿಡಿತ ಬಂತು. ಗೋಣಿಚೀಲ ಹಾಸಿ ನೀರು ಹಾಕುವುದನ್ನು ಹುಡುಗರಿಗೆ ಒಪ್ಪಿಸಿದೆವು.

ಕಾಂಕ್ರೀಟು ಗಟ್ಟಿಯಾಗಿ, ಎರಡೂ ಕಡೆ ಪೈಪು ನಿಂತ ಮೇಲೆ ವೀಲ್‌ಚೇರಿನ ಹುಡುಗ ಬಂದ. ಪೈಪು ಎರಡು ಸಾಲು, ಒಂದು ನಿಂತವರ ಕೈಗೆ, ಇನ್ನೊಂದು ಸ್ವಲ್ಪ ಕೆಳಗೆ. ಹಿಂದಿನಿಂದ ತಳ್ಳಲು ಹೋದ ಸದಸ್ಯರಿಗೆ "ಬೇಡ ಅಣ್ಣ" ಅಂದ. ಚಕ್ರದ ಬಳೆ ಹಿಡಿದು ದೂಡಿದ. ಅರ್ಧಕ್ಕೆ ನಿಂತು ಉಸಿರು ತಗೊಂಡ. ಚೇರು ಹಿಂದಕ್ಕೆ ಜಾರಲಿಲ್ಲ. ಬಾಗಿಲಲ್ಲಿ ಗ್ರಿಲ್ಲಿನ ಕಬ್ಬಿಣದ ಪಟ್ಟಿ ಅರ್ಧ ಇಂಚು ಎದ್ದಿತ್ತು, ಅದು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೈ ಹಿಂದಕ್ಕೆ ವಾಲಿಸಿ ಮುಂದಿನ ಪುಟ್ಟ ಚಕ್ರಗಳನ್ನು ಎತ್ತಿ ದಾಟಿಸಿದ. ಒಳಗೆ ಹೋದವನು ಪರೀಕ್ಷೆ ಪುಸ್ತಕಗಳ ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಮೂಲೆಯಲ್ಲಿ ಹುಡುಕಾಡಿ ಒಂದು ಅಡುಗೆ ಪುಸ್ತಕ ಎಳೆದ.

"ಇದೇನೋ?" ಅಂದೆ.

"ಮರದ ಕೆಳಗೆ ಕೂತು ಅಡುಗೆ ಪುಸ್ತಕ ಕೊಡಿ ಅಂತ ಕೂಗೋಕಾಗುತ್ತಾ ಅಕ್ಕಾ?"

ಈಗ ಆ ರ‍್ಯಾಂಪಿನಲ್ಲಿ ಅವನಿಗಿಂತ ಬೇರೆಯವರೇ ಜಾಸ್ತಿ. ಮೊಣಕಾಲು ನೋವಿನ ಅಜ್ಜಿಯರು, ಕಂಕುಳಲ್ಲಿ ಮಗು ಇರುವ ತಾಯಂದಿರು, ಪೇಪರ್ ಓದಲು ಬರುವ ರಿಟೈರ್ಡ್ ಮೇಷ್ಟ್ರು. ಬೈಕುಗಳೂ ಬರುತ್ತವೆ. ಕೆಳತುದಿಗೇ ಅಡ್ಡ ನಿಲ್ಲಿಸಿ ಹೋಗುವವರಲ್ಲಿ ಇಬ್ಬರು ಪಂಚಾಯಿತಿಯವರೇ. ಹೇಳಿ ಹೇಳಿ ಸಾಕಾಗಿ, ಗಾಳಿ ಬಿಡುತ್ತೇನೆ ಅಂತ ಬೋರ್ಡಿನಲ್ಲೇ ಬರೆದು ಹಾಕಿದ್ದೇನೆ.

ಅವತ್ತು ಅವನು ಪುಸ್ತಕ ತೊಡೆ ಮೇಲಿಟ್ಟುಕೊಂಡು ಹೊರಗೆ ಬಂದಾಗ ಪಿಡಿಒ ಫೋಟೊ ತೆಗೆಸಿದರು. ತೆಗೆಸಿಕೊಂಡು ಅವನು ಕೇಳಿದ: "ಸರ್, ಇಲ್ಲಿ ಟಾಯ್ಲೆಟ್ ಎಲ್ಲಿದೆ?"

ಹಿಂದುಗಡೆ ಇದೆ. ಎರಡು ಮೆಟ್ಟಿಲು. ಮೇಸ್ತ್ರಿ ಹೋಗಿ ಬಾಗಿಲಿಗೆ ಟೇಪ್ ಹಿಡಿದ. ಎರಡಡಿ. ಹುಡುಗನ ಚೇರು ಇಪ್ಪತ್ತಾರು ಇಂಚು. "ಚೌಕಟ್ಟೇ ಕಿತ್ತು ಮೂರಡಿ ಮಾಡ್ಬೇಕು, ಬಾಗಿಲು ಹೊರಗೆ ತೆಗೆಯೋ ಹಾಗೆ" ಅಂದ. ಮುಂದಿನ ವರ್ಷ ನೋಡೋಣ ಅಂದರು ಪಿಡಿಒ. ಈ ವರ್ಷದ ದುಡ್ಡೇ ಇನ್ನೂ ಉಳಿದಿದೆಯಲ್ಲ ಸರ್, ಅಂದೆ ನಾನು. ಮೇಸ್ತ್ರಿ ಆಗಲೇ ಸಿಗರೇಟ್ ಪ್ಯಾಕಿನ ಹಿಂದೆ ಇಟ್ಟಿಗೆ ಲೆಕ್ಕ ಬರೆಯುತ್ತಿದ್ದ.