ರೊಕ್ಕ ಕೊಟ್ಟು ನಡುಗಡ್ಡಿಗೆ

ಹೋದ ರವಿವಾರ ಮಧ್ಯಾಹ್ನ, ಬಾಗಲಕೋಟೆ ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ ದೀಪಾವಳಿ ರಜೆಯ ಕರಾವಳಿ ಪ್ರವಾಸದ ಚರ್ಚೆ ಕಾವೇರಿದ್ದಾಗ, ಮೂಲೆಯಲ್ಲಿ ಮೊರ ಹಿಡಿದು ಮಡಿಕೆಕಾಳು ಹಸನು ಮಾಡುತ್ತಿದ್ದ ದೊಡ್ಡವ್ವ ತಲೆಯೆತ್ತದೆಯೇ ಒಂದು ಪ್ರಶ್ನೆ ಕೇಳಿದಳು.

“ನಡುಗಡ್ಡಿ ನೋಡಾಕ ರೊಕ್ಕ ಕೊಟ್ಟು ಹೊಕ್ಕೀರೇನು?”

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವನು ಹೆಂಡತಿಯ ತಮ್ಮ. ನಾನು ನಕ್ಕದ್ದು ಸಾಲದೆಂದು, ಇಪ್ಪತ್ತೆರಡು ವರ್ಷ ಸಮಾಜ ವಿಜ್ಞಾನ ಕಲಿಸಿದ ಮಾಸ್ತರಿಕೆಯನ್ನೂ ತೋರಿಸಿದೆ.

“ಅದು ನಡುಗಡ್ಡಿ ಅಲ್ಲ ದೊಡ್ಡವ್ವ, ದ್ವೀಪ.”

“ಸುತ್ತಲೂ ನೀರು ಇರ್ತೈತಿಲ್ಲೋ?”

“ಇರ್ತೈತಿ.”

“ನಡುವ ನೆಲ ಇರ್ತೈತಿಲ್ಲೋ?”

“ಇರ್ತೈತಿ.”

“ಮತ್ತ?”

ಅಷ್ಟು ಹೇಳಿ ಮೊರದಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕೆಸೆದಳು. ‘ಸುತ್ತಲೂ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪ’ ಎಂದು ಕರಿಹಲಗೆಯ ಮೇಲೆ ವರ್ಷ ವರ್ಷವೂ ಬರೆದ ನನ್ನ ಬಳಿ ಆ ‘ಮತ್ತ’ಕ್ಕೆ ಉತ್ತರವಿರಲಿಲ್ಲ. ಅಂದಿನಿಂದ ಈ ಶುಕ್ರವಾರದವರೆಗೆ, ತರಗತಿಯಲ್ಲಿ, ಸಂತೆಯಲ್ಲಿ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಮಾತು ಮರಳಿ ಮರಳಿ ಕಿವಿಯಲ್ಲಿ ಕೇಳಿಸುತ್ತಿದೆ.

ಪ್ರವಾಸದ ಹುರುಪು ಹೆಂಡತಿಯ ತಮ್ಮನದು. ತಟ್ಟೆಯಲ್ಲಿ ಬಿದ್ದ ರೊಟ್ಟಿಯ ಫೋಟೊ ತೆಗೆಯದೆ ಮುರಿಯದ ಜಾತಿಯ ಮನುಷ್ಯ ಅವನು. ಆದರೂ ಯೋಜನೆಯ ಅರ್ಧದಷ್ಟು ಅಚ್ಚುಕಟ್ಟಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಪಂಜಾಬಿನ ಸಂಗ್ರೂರಿನಲ್ಲಿ ಹುಟ್ಟಿ ಸೊಲ್ಲಾಪುರ, ವಿಜಯಪುರ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 52 ನಮ್ಮ ಗದ್ದನಕೇರಿ ಕ್ರಾಸಿನ ಮೇಲೆಯೇ ಹಾಯ್ದು, ನರಗುಂದ, ಹುಬ್ಬಳ್ಳಿ, ಯಲ್ಲಾಪುರಗಳನ್ನು ಹಿಂದಿಕ್ಕಿ, ಅರಬೈಲ್ ಘಟ್ಟ ಇಳಿದು ಅಂಕೋಲಾದ ಬಳಿ ಮುಗಿಯುತ್ತದೆ. ದಿನಾ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದು ನಾವು ಬೈಯುವ ರಸ್ತೆಯೇ ಎಲ್ಲಿಯೂ ಹೊರಳದೆ ಹೋದರೆ ಕಡಲ ಹತ್ತಿರಕ್ಕೆ ಒಯ್ದು ಬಿಡುತ್ತದೆ ಎಂಬುದನ್ನು ನಾನು ನಕಾಶೆ ನೋಡುವವರೆಗೆ ಗಮನಿಸಿರಲಿಲ್ಲ. ಅಂಕೋಲಾದಿಂದ ಮೊದಲು ಉತ್ತರಕ್ಕೆ ಕಾರವಾರ, ಅಲ್ಲಿಂದ ಹೊರಳಿ ಹೆದ್ದಾರಿ 66ರ ಗುಂಟ ಗೋಕರ್ಣ, ಕುಮಟಾ, ಹೊನ್ನಾವರ, ಮುರುಡೇಶ್ವರ, ಒಂದು ಮಗ್ಗುಲಿಗೆ ಕಡಲು ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ ಇರುವ ಮರವಂತೆ, ಕೊನೆಗೆ ಉಡುಪಿಯ ಮಲ್ಪೆ. ಹನ್ನೆರಡು ಸೀಟಿನ ಟಿಟಿ ಗಾಡಿ, ಐದು ದಿನ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದದ್ದನ್ನು ಟಿವಿಯಲ್ಲಿ ನೋಡಿದ್ದ ನನ್ನ ಹೆಂಡತಿ ಮಳೆಗಾಲ ಪೂರ್ತಿ ಮುಗಿಯುವವರೆಗೆ ಬೇಡವೆಂದು ಹಟ ಹಿಡಿದದ್ದರಿಂದ ದೀಪಾವಳಿ ಗೊತ್ತಾಗಿತ್ತು.

ಊರುಗಳ ನಡುವೆ ಅವನು ಮೂರು ದ್ವೀಪಗಳನ್ನು ಕೆಂಪು ಶಾಯಿಯಿಂದ ಸುತ್ತು ಹಾಕಿದ್ದ: ಕಾರವಾರದ ಎದುರಿನ ಕೂರ್ಮಗಡ, ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ಕಡಲೊಳಗಿರುವ ನೇತ್ರಾಣಿ, ಮಲ್ಪೆಯ ಸೇಂಟ್ ಮೇರೀಸ್. ನೇತ್ರಾಣಿಯಲ್ಲಿ ನೀರಿನಡಿ ಇಳಿದು ಹವಳ, ಮೀನು ನೋಡುವ ಸ್ಕೂಬಾ ಡೈವಿಂಗ್ ಮಾಡುವುದಾಗಿಯೂ ಘೋಷಿಸಿದ್ದ. ಘಟಪ್ರಭೆಯಲ್ಲಿ ಮೊಣಕಾಲಿನ ಮೇಲೆ ನೀರು ಬಂದರೆ ಹಿಂದೆ ಸರಿಯುವವನು ಇವನೇ ಎಂಬುದನ್ನು ಅವನ ಅಕ್ಕನ ಎದುರು ನಾನು ಹೇಳಲಿಲ್ಲ.

ದೊಡ್ಡವ್ವನ ಊರು ಜಮಖಂಡಿ ತಾಲ್ಲೂಕಿನ ಹೊಳೆಸಾಲಿನಲ್ಲಿದೆ. ಮೇಲಿನಿಂದ ಮಹಾರಾಷ್ಟ್ರದ ಮಳೆನೀರು, ಕೆಳಗೆ ಆಲಮಟ್ಟಿಯ ಹಿನ್ನೀರು. ಎರಡೂ ಕೂಡಿದ ವರ್ಷ ಊರಿಗೆ ಹೋಗುವ ದಾರಿ ಮೊದಲು ಮುಳುಗುತ್ತದೆ, ಆಮೇಲೆ ಹೊಲ, ಆಮೇಲೆ ಓಣಿ. ‘ನಡುಗಡ್ಡಿ ಆತು’ ಎಂದರೆ ನಮ್ಮ ಕಡೆ ಅದೊಂದು ಸುದ್ದಿ, ಫೋನಿನಲ್ಲಿ ಧ್ವನಿ ತಗ್ಗಿಸಿ ಹೇಳುವ ಸುದ್ದಿ. ಇದ್ದ ಊರೇ ರಾತ್ರೋರಾತ್ರಿ ನಡುಗಡ್ಡೆಯಾಗುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಮ್ಮೆಲೇ ಏರಿದಾಗ ಊರು ಬಿಡಿ ಎಂದು ಮೈಕಿನಲ್ಲಿ ಕೂಗಿಕೊಂಡು ಹೋದರು. ಎಮ್ಮೆಯನ್ನು ಬಿಟ್ಟು ಬರಲಾಗದೆ ಅವಳು ಉಳಿದಳು. ಮೂರನೆಯ ದಿನ ರಬ್ಬರಿನ ಬೋಟು ಬಂದಾಗ ಅದರಲ್ಲಿ ಮನುಷ್ಯರಿಗಷ್ಟೇ ಜಾಗವಿತ್ತು. ಎಮ್ಮೆಯ ಕೊರಳಿನ ಹಗ್ಗ ಬಿಚ್ಚಿ, ಆ ಹಗ್ಗವನ್ನು ಸುತ್ತಿ ಚೀಲದಲ್ಲಿ ಹಾಕಿಕೊಂಡು, ಜೊತೆಗೆ ರೇಷನ್ ಕಾರ್ಡು ಮತ್ತು ಬೀಜದ ಜೋಳದ ಗಂಟು ಹಿಡಿದು ಬೋಟು ಹತ್ತಿದಳು. ನಾಲ್ಕು ದಿನಕ್ಕೆಂದು ನಮ್ಮ ಮನೆಗೆ ಬಂದವಳು ಇನ್ನೂ ಇದ್ದಾಳೆ. ಹಗ್ಗವೂ ಇದೆ, ಅಟ್ಟದ ಮೇಲೆ. ಯಾರೂ ಅದನ್ನು ಬೇರೆ ಕೆಲಸಕ್ಕೆ ಬಳಸುವುದಿಲ್ಲ.

ಅವಳು ಬಂದು ಸೇರಿದ ನವನಗರವಾದರೂ ಏನು? 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದದ್ದರಿಂದ ಕಟ್ಟಿದ ಊರು. ನಮ್ಮಲ್ಲಿ ನೀರನ್ನು ನೋಡುವ ರೂಢಿ ಕಡಿಮೆ, ಅಳೆಯುವ ರೂಢಿ ಹೆಚ್ಚು. ಅಣೆಕಟ್ಟೆ ಈಗಿನ ಮಟ್ಟವಾದ 519.60 ಮೀಟರು ತುಂಬಿತೇ, ಏರಿಸಬೇಕೆಂದಿರುವ 524.256 ಆಗುವುದು ಯಾವಾಗ, ಆದರೆ ಇನ್ನು ಯಾರ ಹೊಲ ಹೋಗುತ್ತದೆ ಎಂದು ಚಹಾದಂಗಡಿಯಲ್ಲಿ ಕುಳಿತವರು ದಶಮಾಂಶ ಸಹಿತ ಮಾತಾಡುತ್ತಾರೆ. ಅಂಥ ಊರಿನಿಂದ ಹೊರಟು, ನಾಲ್ಕುನೂರು ಕಿಲೋಮೀಟರು ಹೋಗಿ, ಟಿಕೀಟು ತೆಗೆದು, ಸುತ್ತ ನೀರಿರುವ ಜಾಗದಲ್ಲಿ ಇಳಿದು ಖುಷಿಪಡುವುದು ಅವಳಿಗೆ ಹೇಗೆ ಕಂಡಿರಬಹುದು? ಅವಳು ಹಾಸ್ಯಕ್ಕೆ ಕೇಳಿರಲಿಲ್ಲ, ಕುಹಕಕ್ಕೂ ಕೇಳಿರಲಿಲ್ಲ. ತಿಳಿಯದೆ ಕೇಳಿದ್ದಳು. ನಕ್ಕವರು ನಾವು.

ಸೋಮವಾರ ಬೆಳಿಗ್ಗೆ ಚಹಾ ಕುಡಿಯುವಾಗ ಅವಳೇ ಮತ್ತೆ ಮಾತು ತೆಗೆದಳು. “ಕಡೀ ಬೋಟು ಎಷ್ಟಕ್ಕೈತಿ?”

ನಮ್ಮ ಯೋಜನೆಯಲ್ಲಿ ಊಟದ ಖಾನಾವಳಿಯಿಂದ ಹಿಡಿದು ಫೋಟೊ ತೆಗೆಯುವ ಬಂಡೆಯವರೆಗೆ ಎಲ್ಲವೂ ಇತ್ತು, ಕಡೆಯ ಬೋಟಿನ ಹೊತ್ತು ಇರಲಿಲ್ಲ. ಇದ್ದದ್ದು ‘ಸೂರ್ಯಾಸ್ತ: ದ್ವೀಪದಲ್ಲಿ’ ಎಂಬ ಒಂದು ಸಾಲು. “ಕುಡ್ಯಾಕ ನೀರು ಯಾರು ತರ್ತಾರ? ಒಂದು ಬೋಟಿನ್ಯಾಗ ಎಷ್ಟು ಮಂದಿನ್ನ ಕುಂದ್ರಸ್ತಾರ? ಗಾಳಿ ಎದ್ದರ ಹೊಳ್ಳಿ ಬರೂದು ಹ್ಯಾಂಗ?” ನಡುಗಡ್ಡೆಯಲ್ಲಿ ಮೂರು ದಿನ ಕಳೆದವಳ ಪ್ರಶ್ನೆಗಳು ಅವು. ಫೋನಿನಲ್ಲಿ ನೂರು ಚಿತ್ರ ನೋಡಿದ್ದ ನಮಗೆ ಒಂದೂ ಹೊಳೆದಿರಲಿಲ್ಲ.

ಅಂದು ಸಂಜೆ ಉಡುಪಿಯ ಗೆಳೆಯರೊಬ್ಬರಿಗೆ ಫೋನು ಮಾಡಿದೆ; ಹಿಂದೊಮ್ಮೆ ತರಬೇತಿಯಲ್ಲಿ ಒಂದೇ ಕೋಣೆ ಹಂಚಿಕೊಂಡ ಶಿಕ್ಷಕರು. ಅವರು ಸಮಾಧಾನದಿಂದ ವಿವರಿಸಿದರು. ಸೇಂಟ್ ಮೇರೀಸ್ ದ್ವೀಪವನ್ನು ತಾವು ತೋನ್ಸೆಪಾರ್ ಎಂದೂ ಕರೆಯುವುದುಂಟು. ಮಳೆಗಾಲದಲ್ಲಿ ಅಲ್ಲಿಗೆ ದೋಣಿಯೇ ಇಲ್ಲ. ಮಳೆ ಮುಗಿದ ಮೇಲೂ ಕಡಲು ಒಪ್ಪಿದ ದಿನ ಮಾತ್ರ. ದ್ವೀಪದಲ್ಲಿ ಯಾರ ವಾಸವೂ ಇಲ್ಲ, ರಾತ್ರಿ ಉಳಿಯಲು ಬಿಡುವುದಿಲ್ಲ, ಸಂಜೆಯ ಕಡೆಯ ದೋಣಿ ಹತ್ತಲೇಬೇಕು. ಸೂರ್ಯಾಸ್ತದ ಸಾಲನ್ನು ನಾನು ಅಲ್ಲಿಯೇ ಹೊಡೆದು ಹಾಕಿದೆ.

ಕೂರ್ಮಗಡವನ್ನು ಹೊಡೆದು ಹಾಕಿದ್ದು ಮರುದಿನ. ಅಲ್ಲಿ ನರಸಿಂಹನ ಗುಡಿಯಿದೆ, ಪುಷ್ಯ ಮಾಸದ ಹುಣ್ಣಿಮೆಗೆ ಜಾತ್ರೆಯಾಗುತ್ತದೆ. 2019ರ ಜನವರಿ 21ರಂದು ಆ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ತೀರಿಕೊಂಡರು. ದೊಡ್ಡವ್ವ ಬೋಟು ಹತ್ತಿದ ವರ್ಷವೇ ಅದು, ಏಳು ತಿಂಗಳ ಅಂತರ. ಇದನ್ನು ಅವಳಿಗೆ ಹೇಳಲಿಲ್ಲ. ಹೆಂಡತಿಯ ತಮ್ಮನಿಗೆ ಹೇಳಿದೆ. ದೀಪಾವಳಿಗೆ ಜಾತ್ರೆಯೂ ಇಲ್ಲ, ಗದ್ದಲವೂ ಇಲ್ಲವಲ್ಲ ಎಂದು ಅವನು ವಾದಿಸಿದ. ವಾದ ತಪ್ಪೂ ಅಲ್ಲ. ದಿನಾ ತಾಯಿಗೆ ಫೋನು ಮಾಡುವ, ಯಾರದೇ ಮನೆಯ ಮದುವೆಯಲ್ಲಿ ಬಡಿಸಲು ಮೊದಲು ಎದ್ದು ನಿಲ್ಲುವ ಒಳ್ಳೆಯ ಹುಡುಗ. ಆದರೆ ಅಪಾಯವೆಂಬುದು ಪಕ್ಕದ ಊರಿನವರಿಗೆ ಮಾತ್ರ ಬರುತ್ತದೆಂದು ನಂಬಿ ಬೆಳೆದವನು. ನೇತ್ರಾಣಿಯನ್ನು ಅವನಿಗೇ ಬಿಟ್ಟೆ. ಲೈಫ್ ಜಾಕೆಟ್ ಹಾಕಿಕೊಂಡು ಹೋಗಲಿ, ಅವನ ಅಕ್ಕ ಒಪ್ಪಿದರೆ.

ಬುಧವಾರ ರಾತ್ರಿ ದೊಡ್ಡವ್ವನ ಪಕ್ಕ ಕುಳಿತು ಸೇಂಟ್ ಮೇರೀಸಿನ ಚಿತ್ರ ತೋರಿಸಿದೆ. ಯಾರೋ ಕಡಿದು ನಿಲ್ಲಿಸಿದಂತೆ, ಐದು ಮೂಲೆ, ಆರು ಮೂಲೆಯ ಕಂಬಗಳಾಗಿ ನಿಂತ ಬಂಡೆಗಳು. ಬಿಸಿ ಲಾವಾರಸ ಆರುತ್ತ ಕುಗ್ಗಿ ಸೀಳಿದ್ದರಿಂದ ಆದ ಆಕಾರ ಎಂದೆ. ಕರಿನೆಲ ಬ್ಯಾಸಿಗಿಯಲ್ಲಿ ಬಿರಿಯುವುದಿಲ್ಲವೇ, ಹಾಗೆ. ಅದು ಅವಳಿಗೆ ಥಟ್ಟನೆ ತಿಳಿಯಿತು, ನನ್ನ ಎಂಟನೆಯ ತರಗತಿಯ ಮಕ್ಕಳಿಗಿಂತ ಬೇಗ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರೆಯಾಗುವ ಕಾಲಕ್ಕೆ ಈ ಬಂಡೆ ಹುಟ್ಟಿತು, ಈಗ ಆ ನೆಲ ಆಫ್ರಿಕಾದ ಹತ್ತಿರ ಇದೆ ಎಂದೂ ಹೇಳಿದೆ.

“ಅಂದ್ರ ಅರ್ಧಾ ಹೊಲ ಆ ಕಡೆ ಹೋತು ಅನ್ನು.”

“ಹೂಂ.”

“ಪರಿಹಾರ ಯಾರಿಗೆ ಕೊಟ್ರು?”

ಈ ಸಲ ಅವಳೂ ನಕ್ಕಳು. ಪರಿಹಾರ, ಪುನರ್ವಸತಿ, ನೋಟೀಸು, ಈ ಮೂರು ಮಾತು ನಮ್ಮ ಜಿಲ್ಲೆಯಲ್ಲಿ ಅಕ್ಷರ ಬಾರದವರಿಗೂ ಬರುತ್ತವೆ.

ಗೆಳೆಯರು ಫೋನಿನಲ್ಲಿ ಇನ್ನೊಂದು ಸಂಗತಿ ಹೇಳಿದ್ದರು. ನದಿಯ ನಡುವಿನ ನೆಲಕ್ಕೆ ತಮ್ಮ ಕಡೆ ಕುದ್ರು ಎನ್ನುತ್ತಾರೆ. ಉತ್ತರ ಕನ್ನಡದಲ್ಲಿ ಅದನ್ನೇ ಕುರ್ವೆ ಎನ್ನುವುದುಂಟು, ಹೊನ್ನಾವರದ ಬಳಿ ಶರಾವತಿಯಲ್ಲಿರುವ ಮಾವಿನಕುರ್ವೆಯ ಹಾಗೆ. ಅಲ್ಲಿ ಮನೆಗಳಿವೆ, ತೆಂಗಿನ ತೋಟಗಳಿವೆ, ಜನ ತಲೆಮಾರುಗಳಿಂದ ಬದುಕಿದ್ದಾರೆ. ನಮ್ಮ ಕೆಂಪು ಶಾಯಿ ಅವುಗಳ ಮೇಲೆ ಹಾಯ್ದು ಹೋಗಿತ್ತು, ಏಕೆಂದರೆ ಅಲ್ಲಿ ‘ನೋಡುವಂಥದ್ದು’ ಏನೂ ಇಲ್ಲ. ಮನುಷ್ಯರಿಲ್ಲದ ಮೂರು ಬಂಡೆಗಳನ್ನು ಆರಿಸಿಕೊಂಡು, ಮನುಷ್ಯರಿರುವ ನಡುಗಡ್ಡೆಗಳ ಪಕ್ಕದಲ್ಲಿಯೇ ಟಿಟಿ ಓಡಿಸಲು ಹೊರಟಿದ್ದೆವು. ನಮ್ಮ ಹೊಳೆಸಾಲಿಗೆ ಪ್ರವಾಹದ ವರ್ಷ ಕಾರು ಮಾಡಿಕೊಂಡು ಬಂದು, ಸೇತುವೆಯ ಮೇಲೆ ನಿಂತು ಸೆಲ್ಫಿ ತೆಗೆದುಕೊಂಡು ಹೋದವರನ್ನು ನಾನು ಎಷ್ಟು ಬೈದಿದ್ದೆ ಎಂಬುದೂ ಆಗ ನೆನಪಾಯಿತು.

ಕುರ್ವೆಯ ಸುದ್ದಿ ಕೇಳಿ ದೊಡ್ಡವ್ವ ಮೊರವನ್ನು ಕೆಳಗಿಟ್ಟಳು. “ಅಲ್ಲಿ ಮಂದಿ ಅದಾರ? ದನಾ?”

“ಅದಾವಂತ.”

“ನೀರು ಬಂದ್ರ?”

ಕಡಲ ಹತ್ತಿರದ ಹೊಳೆಗಳಲ್ಲಿ ಉಪ್ಪುನೀರು ಉಬ್ಬರದ ಹೊತ್ತಿಗೆ ಮೇಲೇರಿ ಬರುತ್ತದೆ, ಇಳಿತದ ಹೊತ್ತಿಗೆ ಹಿಂದಕ್ಕೆ ಹೋಗುತ್ತದೆ, ದಿನಕ್ಕೆ ಎರಡು ಸಲ ಎಂದು ಹೇಳಿದೆ. ಚಂದ್ರನ ಸೆಳೆತ ಎಂದು ಶುರು ಮಾಡಿದ್ದೆ, ಅವಳಿಗೆ ಅದು ಬೇಕಿರಲಿಲ್ಲ.

“ಬಂದ ನೀರು ಅವತ್ತ ಹೊಳ್ಳಿ ಹೊಕ್ಕೈತಿ?”

“ಹೊಕ್ಕೈತಿ.”

“ತಾನ? ಯಾರೂ ಗೇಟ್ ತಗೀಬೇಕಾಗಿಲ್ಲ?”

“ಇಲ್ಲ.”

ಅದನ್ನು ಅವಳು ಗುರುವಾರವೂ ಕೇಳಿದಳು, ಶುಕ್ರವಾರ ನನ್ನ ಹೆಂಡತಿಯನ್ನು ಬೇರೆಯಾಗಿ ಕೇಳಿ ನನ್ನ ಮಾತಿನೊಂದಿಗೆ ತಾಳೆ ನೋಡಿದಳು. ಆಮೇಲೆ ತಾನೂ ಬರುವುದಾಗಿ ಹೇಳಿದಳು. ಬೋಟು ಹತ್ತುವುದಿಲ್ಲ, ದಂಡೆಗೆ ಕುಳಿತು ನೀರು ಹೊಳ್ಳಿ ಹೋಗುವುದನ್ನು ನೋಡುತ್ತಾಳೆ. ನಾವು ಮಲ್ಪೆಯಿಂದ ದ್ವೀಪಕ್ಕೆ ಹೋಗಿ ಬರುವಷ್ಟು ಹೊತ್ತು ಅವಳಿಗೆ ಅದು ಸಾಕು. ಹೊನ್ನಾವರದಲ್ಲಿ ಮಾತ್ರ ಒಂದು ದಿನ ಹೆಚ್ಚು ಇರಬೇಕು, ಕುರ್ವೆಯ ಮಂದಿಯೊಂದಿಗೆ ಮಾತಾಡಬೇಕು.

ಹೀಗೆ ಐದು ದಿನ ಆರಾಯಿತು, ಮೂರು ದ್ವೀಪ ಒಂದೂವರೆಯಾಯಿತು, ಜನ ಹದಿಮೂರಾದರು. ಟಿಟಿಯ ಮಾಲೀಕರಿಗೆ ಫೋನು ಮಾಡಿ, ಒಬ್ಬರು ಹೆಚ್ಚಾಗಿದ್ದಾರೆ, ಸಣ್ಣ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಹೊಂದಿಕೆಯಾಗುತ್ತದೆ ಎಂದು ಹೇಳುತ್ತಿದ್ದೆ. ಅಡುಗೆಮನೆಯಿಂದ ದೊಡ್ಡವ್ವನ ಧ್ವನಿ ಬಂತು.

“ಹದಿಮೂರು ಮಂದಿಗೆ ಹದಿಮೂರು ಸೀಟು ಐತೇನು, ಅದನ್ನ ಮೊದಲ ಕೇಳು.”

ಹದಿನೇಳು ಸೀಟಿನ ಗಾಡಿಗೆ ಕಿಲೋಮೀಟರಿಗೆ ಎಷ್ಟು ಹೆಚ್ಚಾಗುತ್ತದೆ ಎಂದು ಕೇಳಿದೆ. ನಾಳೆ ತಿಳಿಸುತ್ತೇನೆಂದಿದ್ದಾರೆ.